ಮೂರು ರಾಜ್ಯ, ಹದಿನೈದು ದಿನ

ನಾನು ಅಮೆರಿಕದ ನರ್ಸಿಂಗ್ ಪರೀಕ್ಷೆ ಪಾಸಾದ ವರ್ಷ ನಾವು ಕುವೈತಿನ ಹವಲ್ಲಿಯಲ್ಲಿ, ಮೊಬೈಲ್ ಅಂಗಡಿಗಳ ಮೇಲಿನ ನಾಲ್ಕನೇ ಮಹಡಿಯಲ್ಲಿ, ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ನಾನು ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನರ್ಸು. ನನ್ನ ಗಂಡ ಅರ್ದಿಯಾದ ಗೋದಾಮಿನಲ್ಲಿ ಸ್ಟೋರ್ ಇನ್‌ಚಾರ್ಜ್. ಮಗಳಿಗೆ ಹನ್ನೆರಡು ವರ್ಷ, ಮಗನಿಗೆ ಏಳು. ನಾನು ಹಾಸನದ ಕಡೆಯವಳು, ಅವರು ಕಾರ್ಕಳದ ಕಡೆಯ ತುಳುವರು. ಹಾಗಾಗಿ ಮನೆಯಲ್ಲಿ ಕನ್ನಡ, ಅತ್ತೆಯ ಜೊತೆ ಫೋನಿನಲ್ಲಿ ತುಳು. ಮಕ್ಕಳದು ಮಾತ್ರ ಯಾವುದಕ್ಕೂ ಇಂಗ್ಲಿಷಿನ ಉತ್ತರ.

ಅಲ್ಲಿ ನಮಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಕೆಲಸ ಇದ್ದಷ್ಟು ದಿನ ಮಾತ್ರ ಇಕಾಮಾ ಎಂಬ ವಾಸದ ಪರವಾನಗಿ, ಇಕಾಮಾ ಇದ್ದಷ್ಟು ದಿನ ಮಾತ್ರ ಮನೆ. ಮಗ ಆಟವಾಡುತ್ತಿದ್ದದ್ದು ಲಿಫ್ಟಿನ ಎದುರಿನ ಜಾಗದಲ್ಲಿ. ಚೆಂಡು ಗೋಡೆಗೆ ಬಡಿದರೆ ಕಟ್ಟಡದ ಕಾವಲುಗಾರ ಕೆಳಗಿಂದಲೇ "ಖಲಾಸ್! ಖಲಾಸ್!" ಎಂದು ಕೂಗುತ್ತಿದ್ದ. ಮಗಳು ಹನ್ನೆರಡು ವರ್ಷಕ್ಕೂ ಒಬ್ಬಳೇ ರಸ್ತೆ ದಾಟಿದವಳಲ್ಲ. ಮನೆ ಬಾಗಿಲಿನಿಂದ ಶಾಲೆಯ ಬಸ್ಸು, ಬಸ್ಸಿನಿಂದ ಮತ್ತೆ ಮನೆ ಬಾಗಿಲು. ಅವಳ ವಯಸ್ಸಿನಲ್ಲಿ ನಾನು ಮೂರು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದೆ. ನಡೆದದ್ದರಿಂದ ನನಗೇನೂ ನಷ್ಟವಾಗಿರಲಿಲ್ಲ.

ಆ ಮೇ ತಿಂಗಳಲ್ಲಿ, ಅಮೆರಿಕಕ್ಕೆ ನರ್ಸುಗಳನ್ನು ಕಳಿಸುವ ಏಜೆನ್ಸಿಯಿಂದ ಪತ್ರ ಬಂತು. ಮೂರು ಆಸ್ಪತ್ರೆಗಳು ನನ್ನನ್ನು ತೆಗೆದುಕೊಳ್ಳಲು ಸಿದ್ಧವಿದ್ದವು: ಒಂದು ನಾರ್ತ್ ಡಕೋಟಾದಲ್ಲಿ, ಒಂದು ಅಯೋವಾದಲ್ಲಿ, ಒಂದು ವೆರ್ಮಾಂಟಿನಲ್ಲಿ. ಮೂರೂ ಹಳ್ಳಿಗಾಡಿನ ರಾಜ್ಯಗಳು, ಮೂರೂ ಪುಟ್ಟ ಊರುಗಳು. ಹದಿನೈದು ದಿನದಲ್ಲಿ ಒಂದನ್ನು ಆರಿಸಿ ತಿಳಿಸಬೇಕು. ಮಗಳ ಶಾಲೆಯ ಅಟ್ಲಾಸನ್ನು ಊಟದ ಮೇಜಿನ ಮೇಲೆ ಬಿಡಿಸಿದೆವು. ವೆರ್ಮಾಂಟ್ ಹುಡುಕಲು ಕನ್ನಡಕ ಬೇಕಾಯಿತು.

ವಾರ್ಡಿನಲ್ಲಿ ಎಲ್ಲರೂ ನಕ್ಕರು. "ಟೆಕ್ಸಸ್ ಸಿಗುವವರೆಗೆ ಕಾಯಿ. ಅಲ್ಲಿ ನಮ್ಮವರಿದ್ದಾರೆ, ಚರ್ಚಿದೆ, ದೇವಸ್ಥಾನವಿದೆ, ಕರಿಬೇವೂ ಸಿಗುತ್ತೆ. ಆ ಜೋಳದ ಹೊಲದ ನಡುವೆ ಹೋಗಿ ಏನು ಮಾಡ್ತೀಯ?" ಎಂದಳು ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಲಯಾಳಿ ನರ್ಸು. ನಾನು ಕಾಯುವವಳಲ್ಲ ಎಂದೆ. ನನಗೆ ಬೇಕಿದ್ದದ್ದು ಮಕ್ಕಳು ತಾವಾಗಿಯೇ ಬಾಗಿಲು ತೆರೆದು ಹೊರಗೆ ಹೋಗಬಹುದಾದ ಊರು. ಅದು ದೊಡ್ಡ ಊರಲ್ಲಿ ಸಿಗುವುದಿಲ್ಲ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಅನುಮಾನ ಇದ್ದದ್ದು ಗಂಡನಿಗೆ. ಮೂರನೆಯ ದಿನ ಮೀನು ಹುರಿಯುತ್ತಾ ನನ್ನ ಕಡೆ ತಿರುಗದೇ ಹೇಳಿದರು: "ನಿಂಗೆ ಹೋದಲ್ಲಿ ಕೆಲಸ ಉಂಟು. ಮಕ್ಕಳಿಗೆ ಶಾಲೆ ಉಂಟು. ನಾನೆಂತ ಮಾಡುದು ಅಲ್ಲಿ?"

"ಇಲ್ಲಿಗೆ ಬರುವಾಗ ನಿಮಗೆ ಏನು ಗೊತ್ತಿತ್ತು ರೀ?" ಎಂದೆ.

"ಎಂತದೂ ಗೊತ್ತಿರ್ಲಿಲ್ಲ," ಎಂದರು. ಇಪ್ಪತ್ತೆರಡನೇ ವಯಸ್ಸಿಗೆ ಬಂದು, ಒಂದು ಕೋಣೆಯಲ್ಲಿ ಎಂಟು ಜನರ ಜೊತೆ ಮಲಗಿ, ಪೆಟ್ಟಿಗೆ ಹೊರುವುದರಿಂದ ಶುರುಮಾಡಿದವರು. ಮೀನು ಮಗುಚಿ, "ಆಗ ನಾನು ಒಬ್ಬನೇ ಇದ್ದೆ ಮಾರಾಯ್ತಿ," ಎಂದರು. ಅದು ಸರಿಯಾದ ಮಾತೇ ಆಗಿತ್ತು.

ಆದರೆ ಅವರು ಯೋಚಿಸುವುದನ್ನು ಬಿಟ್ಟಿರಲಿಲ್ಲ. ಗುರುವಾರ ಸಂಜೆ ಬಂದವರೇ, "ನಾಳೆ ಎಲ್ಲರೂ ಹೊರಡಿ. ಚಳಿ ನೋಡಿ ಬರುವಾ," ಎಂದರು. ಅವರ ಗೋದಾಮಿನ ಪಕ್ಕದಲ್ಲೇ ಕೋಳಿ, ಮೀನು ಇಡುವ ದೊಡ್ಡ ಶೀತಲ ಗೋದಾಮು ಇತ್ತು. ಅದರ ಉಸ್ತುವಾರಿ ಇವರ ಹಳೆಯ ರೂಮ್‌ಮೇಟ್, ಬಂಟ್ವಾಳದ ಕಡೆಯ ಬ್ಯಾರಿ. ಆ ಗೆಳೆಯರು ಮಾಲೀಕರನ್ನು ಕೇಳಿ ಒಪ್ಪಿಗೆ ತೆಗೆದುಕೊಂಡಿದ್ದರಂತೆ.

ಶುಕ್ರವಾರ ರಜೆ, ಅರ್ದಿಯಾದ ರಸ್ತೆಗಳು ಖಾಲಿ. ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಬ್ಯಾರಿ ಗೆಳೆಯರು ನಾಲ್ಕು ದಪ್ಪ ಜಾಕೆಟ್ಟು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಮಗನ ಜಾಕೆಟ್ಟು ಪಾದದವರೆಗೆ ಬಂತು.

"ಒಳಗೆ ಮೈನಸ್ ಹದಿನೆಂಟು ಉಂಟು ಅಕ್ಕ. ಹತ್ತು ನಿಮಿಷ ಸಾಕು. ಆಮೇಲೆ ನಾನು ಯಲ್ಲಾ, ಹೊರಡಿ ಅಂದ್ರೆ ಯಾರೂ ನಿಲ್ಲಬಾರದು, ಆಯ್ತಾ?" ಎಂದು ನನಗೆ ಹೇಳಿ, ಗಂಡನ ಬೆನ್ನು ತಟ್ಟಿದರು. "ಚಲೋ ಭಾಯಿ, ನಿನ್ನ ಅಮೆರಿಕ ನೋಡು."

ಬಾಗಿಲು ಮುಚ್ಚಿತು. ಮೊದಲು ಮೂಗಿನೊಳಗೆ ಏನೋ ಚುಚ್ಚಿದ ಹಾಗಾಯಿತು, ಆಮೇಲೆ ಕಣ್ಣಲ್ಲಿ ನೀರು. ಎರಡೂ ಕಡೆ ಮಾಡಿನವರೆಗೆ ಕೋಳಿಯ ಪೆಟ್ಟಿಗೆಗಳು. ಮಗ ಬಾಯಿಂದ ಹೊಗೆ ಬಿಡುತ್ತಾ ಕುಣಿಯತೊಡಗಿದ. ಮಗಳು ಕೈ ಕಟ್ಟಿಕೊಂಡು ಪೆಟ್ಟಿಗೆಗಳ ಸಾಲಿನ ಕೊನೆಯವರೆಗೆ ನಡೆದು, ತಿರುಗಿ, ಮತ್ತೆ ನಡೆದಳು. ಅವಳು ಇಂಥ ಚಳಿಯಲ್ಲಿ ಶಾಲೆಗೆ ನಡೆದು ಹೋಗಿ ಬರುವ ದಾರಿಯನ್ನು ಲೆಕ್ಕ ಹಾಕುತ್ತಿದ್ದಾಳೆ ಎಂದು ನನಗೆ ಆಮೇಲೆ ಗೊತ್ತಾಯಿತು. ನಾನು ಕಾಲಿನ ಬೆರಳುಗಳನ್ನು ಆಡಿಸುತ್ತಾ ನಿಂತೆ. ಸಹಿಸಬಹುದು ಅನ್ನಿಸಿತು. ಗಂಡ ಎಲ್ಲಿ ಎಂದು ನೋಡಿದರೆ, ಇಲ್ಲ. ನಾಲ್ಕನೇ ನಿಮಿಷಕ್ಕೇ ಹೊರಗೆ ಹೋಗಿ ಬಿಸಿಲಲ್ಲಿ ನಿಂತಿದ್ದರು.

ನಾವು ಹೊರಬಂದಾಗ ಗೆಳೆಯರು ಹೊಟ್ಟೆ ಹಿಡಿದು ನಗುತ್ತಿದ್ದರು. ಗಂಡನೂ ನಕ್ಕರು. ಚಹಾ ಕುಡಿಯುತ್ತಾ ಗಂಭೀರವಾಗಿ, "ನಾನು ಚಪ್ಪಲಿಯಲ್ಲಿ ಬಂದದ್ದು ತಪ್ಪು. ಒಳ್ಳೆ ಸಾಕ್ಸ್ ಇದ್ರೆ ಆಗ್ತದೆ," ಎಂದರು. ಒಂದು ಗುಟುಕು ಕುಡಿದು, "ಆದ್ರೆ ನಾರ್ತ್ ಡಕೋಟಾ ಬೇಡ. ಅಲ್ಲಿ ಇದಕ್ಕಿಂತಲೂ ಹೆಚ್ಚಂತೆ," ಎಂದು ಸೇರಿಸಿದರು. ಹೀಗೆ ಮೂರು ಎರಡಾಯಿತು. ಅವರು 'ಹೋಗುವುದಾದರೆ' ಎನ್ನುವುದನ್ನು ಬಿಟ್ಟು 'ಯಾವುದು' ಎಂದು ಮಾತಾಡಿದ್ದನ್ನು ನಾನು ಗಮನಿಸಿದೆ.

ಉಳಿದೆರಡರಲ್ಲಿ ಆರಿಸುವುದು ಹೇಗೆ? ಏಜೆನ್ಸಿ ಕಳಿಸಿದ ಕಾಗದಗಳಲ್ಲಿ ಎರಡೂ ಊರಿಗೆ ಹಸಿರು ಬೆಟ್ಟ, ನಗುವ ಮುದುಕರ ಅದೇ ಚಿತ್ರಗಳು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ನಾನು ಫೋನ್ ಕಾರ್ಡು ತಂದು, ಸಂಜೆ ಆರಕ್ಕೆ, ಅಲ್ಲಿ ಬೆಳಗಾಗಿರುವ ಹೊತ್ತಿಗೆ, ಎರಡೂ ಊರಿನ ಶಾಲೆಗಳಿಗೆ ಫೋನ್ ಮಾಡಿದೆ. ಗಂಡ, "ಹಾಗೆಲ್ಲ ಮಾಡ್ಲಿಕ್ಕಾಗ್ತದಾ?" ಎಂದರು. ಯಾಕಾಗಬಾರದು? ಮಕ್ಕಳನ್ನು ಕಳಿಸುವವಳು ನಾನು.

ವೆರ್ಮಾಂಟಿನ ಶಾಲೆಯಲ್ಲಿ ಮಾತಾಡಿದವರು ಒಳ್ಳೆಯ ಮನುಷ್ಯ. ಮುಚ್ಚುಮರೆಯಿಲ್ಲದೆ ಹೇಳಿದರು: ಊರಲ್ಲಿರುವುದು ಆರನೇ ತರಗತಿಯವರೆಗೆ ಮಾತ್ರ, ಮಗಳು ಗುಡ್ಡ ದಾಟಿ ಮುಕ್ಕಾಲು ಗಂಟೆ ಬಸ್ಸಿನಲ್ಲಿ ಹೋಗಬೇಕು. ಮತ್ತೆ ಬಸ್ಸು! ಅವರಿಗೆ ಮನಸಾರೆ ಧನ್ಯವಾದ ಹೇಳಿದೆ.

ಅಯೋವಾದ ಶಾಲೆಯಲ್ಲಿ ಫೋನೆತ್ತಿದ್ದು ವಯಸ್ಸಾದ ದನಿಯ ಹೆಂಗಸು. ಕುವೈತಿನಿಂದ ಎಂದಾಗ, "ಒಂದು ನಿಮಿಷ, ನಕಾಶೆಯಲ್ಲಿ ನೋಡ್ತೇನೆ," ಎಂದು ಎದ್ದು ಹೋದರು. ಕಾರ್ಡಿನ ನಿಮಿಷಗಳು ಓಡುತ್ತಿದ್ದವು. ವಾಪಸು ಬಂದು, "ಸಿಕ್ಕಿತು. ನನ್ನ ಹೆಬ್ಬೆರಳಿನಲ್ಲಿ ಮುಚ್ಚಿಹೋಗುತ್ತೆ," ಎಂದು ನಕ್ಕರು. ನಾನು ಬರೆದಿಟ್ಟುಕೊಂಡ ಪ್ರಶ್ನೆಗಳನ್ನು ಕೇಳುವ ಮೊದಲೇ ಅವರೇ ಕೇಳಿದರು, ನಿಮ್ಮ ಮಕ್ಕಳ ಹೆಸರೇನು, ಅವರಿಗೆ ಏನಿಷ್ಟ ಎಂದು. ನಾನು ಹೆಸರು ಹೇಳಿದೆ. ಪಕ್ಕದಲ್ಲಿ ನಿಂತಿದ್ದ ಮಗಳು ನನ್ನ ಕೈಯಿಂದ ಫೋನು ಕಸಿದುಕೊಂಡು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟಳು: "ಅಲ್ಲಿ ನಾನು ಒಬ್ಬಳೇ ನಡೆದು ಶಾಲೆಗೆ ಬರಬಹುದಾ?"

ಆ ಕಡೆಯಿಂದ ಬಂದ ಉತ್ತರ ನಮಗೆಲ್ಲ ಕೇಳಿಸಿತು. "ಎಲ್ಲರೂ ಹಾಗೇ ಬರೋದು ಕಂದಾ. ಹಿಮ ಜಾಸ್ತಿ ಇದ್ದರೆ ಯಾರಾದರೂ ಕಾರು ನಿಲ್ಲಿಸ್ತಾರೆ."

ಮಗಳು ಫೋನು ನನಗೆ ಕೊಟ್ಟು ಅಪ್ಪನ ಮುಖ ನೋಡಿದಳು. ಅವರು ಅಟ್ಲಾಸು ಮುಚ್ಚಿದರು. "ಬರಿ," ಎಂದರು ನನಗೆ. ಏಜೆನ್ಸಿಗೆ ಆ ಸಂಜೆಯೇ ಉತ್ತರ ಬರೆದೆ. ಹದಿನೈದು ದಿನದಲ್ಲಿ ಇನ್ನೂ ಆರು ದಿನ ಉಳಿದಿತ್ತು.

ವೀಸಾ ಬರಲು ವರ್ಷವೇ ಹಿಡಿಯಿತು. ಅಯೋವಾಕ್ಕೆ ಹೋದ ಮೊದಲ ಚಳಿಗಾಲ ಸುಲಭವಾಗಿರಲಿಲ್ಲ. ಗಂಡ ಮೂರು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿ ಕೂತರು, ಅಡುಗೆ ಮಾಡಿದರು, ಕಿಟಕಿ ನೋಡಿದರು. ಬೇಸಾಯದ ಸಾಮಾನು ಮಾರುವ ಅಂಗಡಿಯಲ್ಲಿ ಕೊನೆಗೂ ಕೆಲಸ ಸಿಕ್ಕಿತು. ಮೊದಲ ವಾರ ರೈತರ ಮಾತು ಅರ್ಥವಾಗದೆ ಒದ್ದಾಡಿದರು. ಆರು ತಿಂಗಳಿಗೆ, ಯಾವ ಟ್ರ್ಯಾಕ್ಟರಿಗೆ ಯಾವ ಬೋಲ್ಟು ಎಂದು ಆ ರೈತರು ಇವರನ್ನೇ ಕೇಳಿಕೊಂಡು ಬರತೊಡಗಿದರು.

ನನ್ನ ಒಪ್ಪಂದ ಮೂರು ವರ್ಷದ್ದು. ಅದು ಮುಗಿಯುವ ಹೊತ್ತಿಗೆ ನ್ಯೂಜೆರ್ಸಿಯಲ್ಲಿದ್ದ ಗಂಡನ ಚಿಕ್ಕಪ್ಪನ ಮಗ, ಇನ್ನಾದರೂ ನಮ್ಮ ಕಡೆ ಬನ್ನಿ ಎಂದು ಕರೆದ. ಹೋಗಿ ಒಂದು ವಾರ ಇದ್ದೆವು. ಕನ್ನಡ ಕೂಟದ ಊಟ ಉಂಡೆವು, ತುಳು ಮಾತಾಡಿ ಗಂಡನ ಗಂಟಲು ಕಟ್ಟಿತು, ಎರಡು ಚೀಲ ಕುಚ್ಚಲಕ್ಕಿ ಕೊಂಡೆವು. ಎಲ್ಲವೂ ಚೆನ್ನಾಗಿತ್ತು. ಆದರೆ ಆ ವಾರವೆಲ್ಲ ಮಕ್ಕಳು ಕಾರಿಲ್ಲದೆ ಎಲ್ಲಿಗೂ ಹೋಗುವಂತಿರಲಿಲ್ಲ.

ಮನೆ ತಲುಪಿದ ಮರುದಿನ ಆತ ಫೋನ್ ಮಾಡಿದ. ಗಂಡ ಸ್ಪೀಕರಿಗೆ ಹಾಕಿ, ನಮ್ಮೆಲ್ಲರ ಮುಖ ಒಮ್ಮೆ ನೋಡಿ, "ಇಲ್ಲ ಮಾರಾಯ. ನಾವು ಇಲ್ಲೇ ಆರಾಮ ಇದ್ದೇವೆ," ಎಂದರು. ಆಮೇಲೆ ಇಬ್ಬರೂ ಮಳೆಯ ಬಗ್ಗೆ, ಅಕ್ಕಿಯ ಬಗ್ಗೆ ಬಹಳ ಹೊತ್ತು ಮಾತಾಡಿದರು.