ಬಾಣಂತಿ ನೀರಿಗೆ ಪೆಲೆಟ್

ಮಗಳು ಬಾಣಂತನಕ್ಕೆ ತೆರಕಣಾಂಬಿಯ ನಮ್ಮ ಮನೆಗೆ ಬಂದಾಗ ಚಳಿಗಾಲ. ನೀರು ಹಾಕಲು ಬೇಗೂರಿನಿಂದ ನನ್ನ ಗಂಡನ ಅಕ್ಕ ಬಂದರು. ಗೀಸರ್ ನೀರು ಅವರಿಗೆ ಒಪ್ಪಿಗೆಯಾಗಲಿಲ್ಲ.

“ಬಾಣಂತಿಗೆ ಒಂದು ಹಂಡೆ ನೀರಾದ್ರೂ ಉಯ್ಬೇಕು ಕಣಮ್ಮಿ. ಬಚ್ಚಲೂ ಬೆಚ್ಚಗಿರ್ಬೇಕು,” ಅಂದರು.

ಹಂಡೆಯ ಒಲೆಗೆ ಸೌದೆ ಹಚ್ಚಿದರೆ ಹೊಗೆಗೆ ಮಗಳು ಕೆಮ್ಮುತ್ತಿದ್ದಳು. ಕೆಮ್ಮಿದಾಗಲೆಲ್ಲ ಹೊಲಿಗೆ ನೋಯುತ್ತಿತ್ತು. ಅಳಿಯ ಒಂದು ಪೆಲೆಟ್ ಒಲೆ ತಂದುಕೊಟ್ಟ. ಮರದ ಪುಡಿ ಒತ್ತಿ ಮಾಡಿದ ಬೆರಳ ಗಾತ್ರದ ತುಂಡುಗಳನ್ನು ಅದಕ್ಕೆ ತುಂಬಬೇಕು. ಅಡಿಯ ಪುಟ್ಟ ಫ್ಯಾನ್ ಗಾಳಿ ಕೊಡುತ್ತದೆ, ಹೊಗೆ ಇಲ್ಲವೆನ್ನುವಷ್ಟು ಕಡಿಮೆ.

ಒಲೆಯ ಜೊತೆ ಬಂದ ಚೀಲ ಬೇಗ ಮುಗಿಯಿತು. ಅತ್ತಿಗೆಯೂ ನಾನೂ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋದೆವು. ಅಂಗಡಿಯಲ್ಲಿ ಮೂರು ಬಗೆಯ ಪೆಲೆಟ್ ಇತ್ತು. ಅಗ್ಗದ್ದು ಕಡಲೆಕಾಯಿ ಸಿಪ್ಪೆಯದು, ದುಬಾರಿಯದು ಬರೀ ಮರದ ಪುಡಿಯದು, ನಡುವಿನದು ಎರಡೂ ಬೆರೆಸಿದ್ದು. ನಾನು ಅಗ್ಗದ ಮೂಟೆಗೇ ಕೈಹಾಕಿದೆ.

“ಒಂದೊಂದು ಕವರ್ ತಗೊಂಡೋಗಿ ಉರ್ಸಿ ನೋಡಿ ಅಕ್ಕ, ಮೂಟೆ ಎಲ್ಲೂ ಓಗಲ್ಲ,” ಅಂದರು ಅಂಗಡಿಯ ಭಾಯಿ.

ಮರುದಿನ ಅಗ್ಗದ್ದು ಹಾಕಿದೆವು. ಚೆನ್ನಾಗಿ ಹತ್ತಿಕೊಂಡಿತು, ಆದರೆ ನೀರು ಕಾಯುವ ಮೊದಲೇ ಬೂದಿ ಗಟ್ಟಿಯಾಗಿ ಗಾಳಿಯ ತೂತುಗಳನ್ನು ಮುಚ್ಚಿತು. ಕೆದಕಿ ಕೆದಕಿ ಕವರೇ ಖಾಲಿಯಾಯಿತು, ನೀರು ಉಗುರುಬೆಚ್ಚಗೇ ಉಳಿಯಿತು. ದುಬಾರಿಯದು ಸೊಗಸಾಗಿ ಉರಿಯಿತು, ಬೂದಿಯೂ ಅಷ್ಟಿಲ್ಲ. ಬಾಣಂತನ ಮುಗಿಯುವವರೆಗೂ ಅದನ್ನೇ ತರುವುದು ನಮಗೆ ಆಗುತ್ತಿರಲಿಲ್ಲ. ಬೆರೆಸಿದ್ದಕ್ಕೆ ನಡುವೆ ಒಮ್ಮೆ ಬೂದಿ ಕೆದಕಬೇಕಾಯಿತು, ಅಷ್ಟೇ. ಹಂಡೆಯ ನೀರು ಮರಳಿತು.

“ಇದೇ ಸಾಕು ಬುಡು,” ಅಂದರು ಅತ್ತಿಗೆ. ಅದನ್ನೇ ಎರಡು ಮೂಟೆ ತರಿಸಿದೆವು.

ಹೊಗೆಯಿಲ್ಲದ ಬಚ್ಚಲಲ್ಲಿ ಮಗಳು ಕಣ್ಣು ಬಿಟ್ಟುಕೊಂಡೇ ಮಣೆಯ ಮೇಲೆ ಕೂತಿದ್ದಳು. ಅತ್ತಿಗೆ ಅವಳ ಬೆನ್ನಿಗೆ ನೀರು ಹುಯ್ಯುತ್ತ ತಮ್ಮ ಬಾಣಂತನದ ಮಾತು ತೆಗೆದರು.

“ನಂಗೆ ಹಸಿ ಸೌದೆ ಹೊಗೆ. ಕಣ್ಣುರಿ ತಡೀನಾರ್ದೆ ದಿನಾ ಅಳ್ತಿದ್ದೆ. ಗಂಡನ ಮನೆ ನೆನೆಸ್ಕಂಡು ಅಳ್ತಾವ್ಳೆ ಅಂತ ನಮ್ಮವ್ವ ಅವ್ರಿಗೆ ಹೇಳಿಕಳಿಸ್ಬುಡ್ತು. ಅವ್ರು ಓಡ್ಬಂದ್ರು.”

ಮಗಳು ನಕ್ಕಳು. ಹೆರಿಗೆಯಾದ ಮೇಲೆ ಅವಳು ಹೊಲಿಗೆಯ ನೋವಿಗೆ ಹೊಟ್ಟೆ ಹಿಡಿದುಕೊಳ್ಳದೆ ನಕ್ಕಿದ್ದನ್ನು ನಾನು ಕಂಡದ್ದು ಅವತ್ತೇ. ಟವಲು ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋಗಿ ಅವಳ ತಲೆ ಒರೆಸಿದೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಅವಳು ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹೊರಟಳು. ಆ ವಾರವೇ ಅತ್ತಿಗೆಯೂ ಹೊರಟರು. ಉಳಿದ ಅರ್ಧ ಮೂಟೆಯನ್ನೂ ಒಲೆಯನ್ನೂ ಬೇಗೂರಿಗೆ ಒಯ್ಯಲೇ ಎಂದು ಸಂಕೋಚದಿಂದಲೇ ಕೇಳಿದರು. ನಾನೇ ಆಟೋದಲ್ಲಿ ಇಡಿಸಿ, ಫ್ಯಾನಿನ ವೈರನ್ನು ಅವರ ಚೀಲದಲ್ಲಿ ಹಾಕಿಕೊಟ್ಟೆ.