ಅಡ್ಡಗೋಲಿಗೊಂದು ಲಾಡಿ

ಟಕ್, ಟಕ್ ಎಂದು ಹಗ್ಗ ಹಾಯಿಕಂಬಕ್ಕೆ ಬಡಿಯುವ ಸದ್ದು ಕೇಳಿತೆಂದರೆ ಕೆರೆಯ ಮೇಲೆ ಗಾಳಿ ಎದ್ದಿದೆ ಎಂದರ್ಥ. ದಂಡೆಯ ಬೀದಿಯಲ್ಲಿ ಅಂಗಡಿ ಇಟ್ಟಿರುವ ಟೈಲರ್ ಆಗ ಕತ್ತರಿ ಕೆಳಗಿಟ್ಟು, ತಮ್ಮ ಪುಟ್ಟ ಹಾಯಿದೋಣಿಯತ್ತ ಕತ್ತು ಚಾಚುತ್ತಾರೆ. ದೋಣಿ ಹಳೆಯದು, ಹಾಯಿ ಅವರೇ ಹೊಲಿದದ್ದು.

ಹೆಂಡತಿ ಅದನ್ನು ಹತ್ತಿದ್ದು ಒಂದೇ ಸಲ. ಹಾಯಿ ಇಳಿಸುವಾಗ ಅದರ ಬುಡದ ಅಡ್ಡಗೋಲು ಧೊಪ್ಪನೆ ಅವರ ತಲೆಯ ಮೇಲೆ ಬಂದು ಕೂತಿತು. "ಆ ಕೋಲಿಗೆ ಬುದ್ಧಿ ಬರೋವರೆಗೂ ನಾನು ಕಾಲಿಡಲ್ಲ," ಎಂದುಬಿಟ್ಟರು. ಅಂದಿನಿಂದ ಟೈಲರಿಗೆ ನೀರೆಲ್ಲ ಸಪ್ಪೆ. ಅಲೆ ಹೀಗಿದೆ, ಮೋಡ ಹಾಗಿದೆ ಎಂದರೆ 'ಹೂಂ' ಅನ್ನಲು ಪಕ್ಕದಲ್ಲಿ ಯಾರೂ ಇಲ್ಲ.

ಈ ಭಾನುವಾರ ಹೇಗಾದರೂ ಹೆಂಡತಿಯನ್ನು ಹತ್ತಿಸಲೇಬೇಕೆಂದು, ಕೋಲಿನ ತುದಿಯನ್ನು ಕಂಬದ ನೆತ್ತಿಗೆ ಹಗ್ಗದಿಂದ ನೇತುಹಾಕಿದರು. ಟೇಪು ಹಿಡಿದು ಅಳೆದ ಹಗ್ಗ. ಕೋಲೇನೋ ಬೀಳಲಿಲ್ಲ. ಆದರೆ ಹಾಯಿ ಏರಿಸಿದಾಗಲೂ ಅದು ಮೇಲೆಯೇ ನೇತಾಡಿತು. ಹಾಯಿ ಸುಕ್ಕುಗಟ್ಟಿ, ದೋಣಿ ನಿಂತಲ್ಲೇ ತೂಕಡಿಸಿತು.

ತಲೆಗೆ ಪಾತ್ರೆ ಬೋರಲು ಹಾಕಿಕೊಂಡು ಕಟ್ಟೆಯ ಮೇಲೆ ನಿಂತಿದ್ದ ಹೆಂಡತಿ ಕೇಳಿದರು: "ರೀ, ಇದು ಯಾರ ಅಳತೆ?"

"ಕೋಲಿಂದೇ. ಕೂದಲಷ್ಟೂ ತಪ್ಪಿಲ್ಲ."

"ಉಂಡಾಗ ಒಂದು ಹೊಟ್ಟೆ, ಹಸಿದಾಗ ಒಂದು ಹೊಟ್ಟೆ ಇರೋರಿಗೆ ಪೈಜಾಮ ಹೊಲಿದ್ರೆ ಸೊಂಟಕ್ಕೆ ಏನು ಹಾಕ್ತೀರಿ?"

"ಲಾಡಿ," ಎಂದರು ಟೈಲರ್.

ಆಮೇಲೆ ಕಂಬವನ್ನೇ ಬಿಚ್ಚಿ ಮಲಗಿಸಿ, ನೆತ್ತಿಗೊಂದು ಸಣ್ಣ ರಾಟೆ ಸಿಕ್ಕಿಸಿ, ಮತ್ತೆ ನಿಲ್ಲಿಸಿದರು. ಕೋಲಿನ ತುದಿಯಿಂದ ಹೊರಟ ಉದ್ದ ಹಗ್ಗ ರಾಟೆಯ ಮೇಲೆ ಹಾದು, ಕೆಳಗಿಳಿದು, ಕಂಬದ ಬುಡದ ಗೂಟಕ್ಕೆ ಸುತ್ತಿಕೊಂಡಿತು. ಎಳೆದರೆ ಕೋಲು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಸಡಿಲ ಬಿಟ್ಟದ್ದೇ ತಡ, ಹಾಯಿ ಗಾಳಿ ಕುಡಿದು ಉಬ್ಬಿತು.

"ಈಗ ಹತ್ತು," ಎಂದರು ಟೈಲರ್.

"ಮೊದಲು ನೀವು ಅದರ ಕೆಳಗೆ ಕೂತ್ಕೊಳ್ಳಿ. ಹಾಯಿ ನಾನು ಇಳಿಸ್ತೀನಿ."

ಟೈಲರ್ ಕೋಲಿನ ಹಗ್ಗ ಬಿಗಿದು, ಕಣ್ಣು ಮುಚ್ಚಿ ಕೂತರು. ಹೆಂಡತಿ ಕಟ್ಟೆಯಿಂದಲೇ ಕೈಚಾಚಿ ಹಾಯಿಯ ಗಂಟು ಬಿಚ್ಚಿದರು. ಬಟ್ಟೆಯೆಲ್ಲ ಸರ್ರನೆ ಜಾರಿ ಟೈಲರನ್ನು ಮುಚ್ಚಿಬಿಟ್ಟಿತು. ಕೋಲು ಒಮ್ಮೆ ನಡುಗಿ ಅಲ್ಲೇ ನಿಂತಿತು.

"ಬಿತ್ತಾ?" ಬಟ್ಟೆಯೊಳಗಿಂದ ದನಿ ಬಂತು.

"ಬಿದ್ದಿದ್ರೆ ಕೇಳ್ತಿದ್ರಾ?"

ಹೆಂಡತಿ ಪಾತ್ರೆ ತೆಗೆದು ಕಟ್ಟೆಯ ಮೇಲಿಟ್ಟು ದೋಣಿಗಿಳಿದರು. ನೇರ ಹೋಗಿ ಗೂಟದ ಪಕ್ಕವೇ ಕೂತರು. "ಈ ಹಗ್ಗ ಮಾತ್ರ ನನ್ನ ಕೈಲಿರುತ್ತೆ. ನಿಮ್ಮ ಮಾತು ಜಾಸ್ತಿಯಾದ್ರೆ ಸಡಿಲ ಬಿಡ್ತೀನಿ."

ಬಟ್ಟೆಯಿಂದ ತಲೆ ಹೊರಹಾಕಿದ ಟೈಲರ್ ಕೋಲನ್ನು ನೋಡಿದರು, ಹೆಂಡತಿಯನ್ನು ನೋಡಿದರು. ದೋಣಿ ಬಿಚ್ಚಲು ಕಟ್ಟೆ ಹತ್ತಿ, ಅದರ ಆ ತುದಿಗೆ ನಡೆಯುತ್ತಲೇ ಹೇಳಿದರು: "ಇರ್ಲಿ ಕಣೇ, ನಿನ್ನ ಕೈಲೇ ಇರ್ಲಿ, ಆದ್ರೆ ಬಿಡೋಕೆ ಮುಂಚೆ ಒಂದು ಕೆಮ್ಮಾದ್ರೂ ಕೆಮ್ಮು, ಯಾಕಂದ್ರೆ ನಾನು ಅಲೆ ತೋರಿಸ್ತಾ ಎದ್ದು ನಿಂತಾಗ ಕೋಲು ಸರಿಯಾಗಿ ನನ್ನ ತಲೆ ಮೇಲೇ ಇರುತ್ತೆ."