ಎಮ್ಮೆಯ ಜೊತೆ ಮಾತಾಡುವ ಮನೆ

ಅಕ್ಕನಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುವುದು ಶುರುವಾದದ್ದು ಅವಳು ಮಗಳನ್ನು ರಾಯಚೂರಿನ ನರ್ಸಿಂಗ್ ಕಾಲೇಜಿಗೆ ಸೇರಿಸಿದ ವರ್ಷ. "ಬಾರಿಹಣ್ಣಿನ ಬೀಜ ನುಂಗಿದಂಗ ಆಗ್ಯಾದ ತಮ್ಮಾ. ಕೆಳಗೂ ಇಳಿಯಂಗಿಲ್ಲ, ಮ್ಯಾಲೂ ಬರಂಗಿಲ್ಲ," ಎಂದು ಫೋನಿನಲ್ಲಿ ಹೇಳಿದಳು. ನಾನು ಮಾನ್ವಿಯಲ್ಲಿ ಹೈಸ್ಕೂಲು ಮಾಸ್ತರ. ಭಾನುವಾರ ಬರುತ್ತೇನೆ, ದವಾಖಾನೆಗೆ ಹೋಗೋಣ ಎಂದೆ.

ಅಕ್ಕನನ್ನು ದೇವದುರ್ಗದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಅಲ್ಲಿ ಅವಳು ಆಶಾ ಕಾರ್ಯಕರ್ತೆ. ನೋವು ತಿನ್ನುವ ಬಸುರಿಯನ್ನು ಆಟೋದಲ್ಲಿ ಕೂರಿಸಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯುವುದು, ಕೂಸು ಹುಟ್ಟಿದ ಮೇಲೆ ಬಾಣಂತಿಯ ಮನೆಗೆ ಹೋಗಿ ವಿಚಾರಿಸುವುದು, ಲಸಿಕೆ ಎಂದರೆ ಓಡಿಹೋಗುವ ಹೆಂಗಸರನ್ನು ಹೊಲಕ್ಕೇ ಹೋಗಿ ಕರೆತರುವುದು ಅವಳ ಕೆಲಸ. ಊರಿನ ಎಷ್ಟೋ ಮಕ್ಕಳು ತಾಯಿಗಿಂತ ಮೊದಲು ಅವಳ ಮುಖ ಕಂಡಿವೆ ಎಂದು ಅಲ್ಲಿನವರೇ ಹೇಳುತ್ತಿದ್ದರು.

ಮಗಳು ಪಿಯುಸಿ ಪಾಸಾಗುತ್ತಲೇ ಅವಳನ್ನು ಅತ್ತೆಯ ಮಗನಿಗೆ, ಅಂದರೆ ಅಕ್ಕನ ಗಂಡನ ಅಕ್ಕನ ಮಗನಿಗೆ, ಕೊಡುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಅಕ್ಕನನ್ನು ಯಾರೂ ಕೇಳಿರಲಿಲ್ಲ. ಹುಡುಗಿ ಓದುತ್ತೇನೆ ಎಂದು ಅಳುತ್ತಿದ್ದಳು. ಅಕ್ಕ ಒಂದು ಮುಂಜಾನೆ ಅವಳ ಬಟ್ಟೆಬರೆ ಕಟ್ಟಿ, ರಾಯಚೂರಿನ ಬಸ್ಸು ಹತ್ತಿಸಿ, ಕಾಲೇಜಿಗೂ ಹಾಸ್ಟೆಲಿಗೂ ಸೇರಿಸಿ, ಸಂಜೆ ತಾನೊಬ್ಬಳೇ ಮನೆಗೆ ಮರಳಿದಳು. ಬೈಗುಳಕ್ಕೆ, ಹೊಡೆತಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಯಾರೂ ಬೈಯಲಿಲ್ಲ. ರೊಟ್ಟಿ ಬಡಿದು ಬಡಿಸಿದಳು. ಗಂಡ ಉಂಡ, ಕೈ ತೊಳೆದ, ಎದ್ದುಹೋದ. ಮರುದಿನವೂ ಹಾಗೆಯೇ.

ಅವರು ಮಾತು ಬಿಟ್ಟಿದ್ದರು.

ಗಂಡನೂ ಅತ್ತೆಯೂ ಅವಳು ಮಾಡಿದ್ದನ್ನು ಉಣ್ಣುತ್ತಿದ್ದರು, ಅವಳು ಒಗೆದದ್ದನ್ನು ಉಡುತ್ತಿದ್ದರು, ಅವಳ ಮುಖ ನೋಡಿ ಮಾತ್ರ ಮಾತಾಡುತ್ತಿರಲಿಲ್ಲ. ಹೇಳಲೇಬೇಕಾದದ್ದನ್ನು ಅತ್ತೆ ಹಿತ್ತಲಿನ ಎಮ್ಮೆಗೆ ಹೇಳುತ್ತಿದ್ದಳು. "ಇವತ್ತು ಸಾರಿಗೆ ಉಪ್ಪು ಹೆಚ್ಚಾಗ್ಯಾದ ನೋಡ ನಮ್ಮವ್ವಾ," ಎಂದು ಎಮ್ಮೆಯ ಬೆನ್ನು ಸವರುತ್ತಿದ್ದಳು. ಒಳಗೆ ಒಲೆಯ ಮುಂದೆ ಕೂತ ಅಕ್ಕ ಅದನ್ನು ಕೇಳಿಸಿಕೊಂಡು ಮರುದಿನ ಉಪ್ಪು ಕಡಿಮೆ ಹಾಕಬೇಕು. ಬೈದರೆ, ಹೊಡೆದರೆ ಕೇಳುವುದಕ್ಕೆ ಹಿರಿಯರಿದ್ದಾರೆ, ಠಾಣೆ ಇದೆ. ಮಾತಾಡಲಿಲ್ಲ ಎಂದು ಯಾರ ಮುಂದೆ ದೂರು ಹೇಳುವುದು? ಅವಳು ನನಗೂ ಹೇಳಲಿಲ್ಲ. ಗಂಟಲಿನದಷ್ಟೇ ಹೇಳಿದಳು.

ದೇವದುರ್ಗದ ಡಾಕ್ಟರು ಗ್ಯಾಸ್ ಆಗಿದೆ ಎಂದು ಗುಳಿಗೆ ಕೊಟ್ಟರು. ನಿಶ್ಶಕ್ತಿ ಎಂದು ಇನ್ನೊಬ್ಬರು ಸಲೈನ್ ಏರಿಸಿದರು. ರಾಯಚೂರಿನಲ್ಲಿ ಗಂಟಲೊಳಗೆ ನಳಿಕೆ ಬಿಟ್ಟು ನೋಡಿ, ಏನೂ ಇಲ್ಲ, ಸುಮ್ಮನೆ ಚಿಂತೆ ಮಾಡಬೇಡಿ ಎಂದರು. ಏತಕ್ಕೆ ಚಿಂತೆ ಎಂದು ಮಾತ್ರ ಅವರು ಕೇಳಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ಓಣಿಯ ಹೆಂಗಸೊಬ್ಬಳು ಹೇಳಿದಳೆಂದು ನೀರಮಾನ್ವಿಯ ಯಲ್ಲಮ್ಮನಿಗೂ ಹೋಗಿಬಂದೆವು. ನಮ್ಮಪ್ಪ ಬುದ್ಧವಂದನೆ ಹೇಳುವವನು, ದೇವರುಗಳಿಗೆ ಕೈ ಮುಗಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವನಿಗೆ ತಿಳಿಸಲಿಲ್ಲ. ಬರುವಾಗ ಬೈಕಿನ ಹಿಂದೆ ಕೂತ ಅಕ್ಕ, "ಎದಿ ಡವಡವ ಹೊಡಕೊಳ್ಳಾಕತ್ಯಾದ, ನಿಲ್ಲಸೋ," ಎಂದಳು. ಜಾಲಿಮರದ ಕೆಳಗೆ ನಿಲ್ಲಿಸಿದೆ. ನೆಲದ ಮೇಲೆ ಕೂತು, ಸಾಯುತ್ತೇನೆಂದು ನನ್ನ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಎದ್ದು ಸೆರಗು ಕೊಡವಿ, "ನಡಿ, ಹಾಲು ಹಿಂಡೂ ಹೊತ್ತಾತು," ಎಂದಳು.

ಅಕ್ಕನ ಊರ ಕಡೆಯ ಆರೋಗ್ಯ ಕೇಂದ್ರಕ್ಕೆ ಆಗ ಒಬ್ಬ ಹೊಸ ಡಾಕ್ಟರಮ್ಮ ಬಂದರು. ಇನ್ನೂ ಚಿಕ್ಕ ವಯಸ್ಸು, ಬೇರೆ ಕಡೆಯವರು, ಗುತ್ತಿಗೆಯ ಮೇಲೆ ಬಂದವರು. ಅಕ್ಕ ವಾರವಾರವೂ ಬಸುರಿಯರನ್ನು ಕರೆದುಕೊಂಡು ಅದೇ ಬಾಗಿಲಲ್ಲಿ ನಿಲ್ಲುತ್ತಿದ್ದಳಾದರೂ ತನಗೆಂದು ಒಳಗೆ ಹೋದವಳಲ್ಲ. ಹೋದರೆ, "ಊರಿಗೆಲ್ಲ ಗುಳಗಿ ಹಂಚಾಕಿಗೆ ಏನ ರೋಗ ಬಂತೋ," ಎಂದು ಅಲ್ಲಿನವರು ನಗುತ್ತಾರೆಂಬ ಸಂಕೋಚ. ಆ ದಿನ ನಾನು ಜೊತೆಗಿದ್ದೆ. ಬಲವಂತವಾಗಿ ಒಳಗೆ ಕರೆದೊಯ್ದೆ.

ಡಾಕ್ಟರಮ್ಮ ರಿಪೋರ್ಟುಗಳನ್ನೆಲ್ಲ ನೋಡಿ ಪಕ್ಕಕ್ಕಿಟ್ಟರು. "ನಿದ್ರೆ ಹೇಗಿದೆಯಮ್ಮ?"

"ಎಲ್ಲಿ ನಿದ್ದಿರೀ. ಕಣ್ಣು ಮುಚ್ಚಿಕೊಂಡು ಬಿದ್ದಿರ್ತೀನಿ."

"ಮನೆಯಲ್ಲಿ ನಿಮ್ಮ ಹತ್ತಿರ ಯಾರು ಚೆನ್ನಾಗಿ ಮಾತಾಡ್ತಾರೆ?"

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಗೋಡೆ ನೋಡಿದಳು. "ನಮ್ಮ ಮನ್ಯಾಗ ಎಮ್ಮಿ ಕೂಡ ಮಾತಾಡ್ತಾರ್ರಿ," ಎಂದಳು.

ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಆಗ ಅಕ್ಕ ಅತ್ತಳು. ಅಳುತ್ತ ಅಳುತ್ತ ಎಲ್ಲ ಹೇಳಿದಳು. ನನಗೂ ಎಲ್ಲ ಮೊದಲ ಸಲ ತಿಳಿದದ್ದು ಅಲ್ಲಿಯೇ, ಬಾಗಿಲಾಚೆ ಜನ ಕೆಮ್ಮುತ್ತ ಕಾಯುತ್ತಿರುವಾಗ.

"ಗಂಟಲಲ್ಲಿ ಏನೂ ಇಲ್ಲಮ್ಮ, ಆದರೆ ನಿಮಗೆ ಆಗ್ತಿರೋದು ಸುಳ್ಳಲ್ಲ," ಎಂದರು ಅವರು. "ಮನಸ್ಸು ಹೊರಲಾರದ್ದನ್ನ ಮೈ ಹೊರ್ತಾ ಇದೆ. ಇಲ್ಲಿಗೆ ಬರೋ ಎಷ್ಟೋ ಹೆಂಗಸರ ಮೈಕೈ ನೋವು ಇಂಥದ್ದೇ." ಗುಳಿಗೆ ಬರೆದುಕೊಟ್ಟರು. ಬಂದಾಗಲೆಲ್ಲ ತಮ್ಮ ಹತ್ತಿರ ಕೂತು ಮಾತಾಡಬೇಕೆಂದರು. ಗಂಡನನ್ನೂ ಕರೆತರಲು ಹೇಳಿದರು. ಗಂಡ ಬರಲಿಲ್ಲ. ಆದರೂ ಬರಬರುತ್ತ ಅಕ್ಕನಿಗೆ ನಿದ್ದೆ ಬಂತು, ರೊಟ್ಟಿ ಇಳಿಯಿತು. ಒಂದು ದಿನ ಫೋನಿನಲ್ಲಿ ನಕ್ಕಳು ಕೂಡ.

ಸುದ್ದಿ ಯಾರ ಬಾಯಿಂದ ಹೊರಬಿತ್ತೋ ಗೊತ್ತಿಲ್ಲ. "ಮೆಂಟಲ್ ಗುಳಗಿ ತಿನ್ನಾಕತ್ತಾಳಂತ" ಎಂದು ಊರಿಗೆಲ್ಲ ಹಬ್ಬಿತು. ಲಸಿಕೆಯ ದಿನ ಅಕ್ಕ ಕೈ ಚಾಚಿದರೆ ಹೆಂಗಸರು ಕೂಸು ಕೊಡಲಿಲ್ಲ. "ಇರಲಿ ಬಿಡಕ್ಕಾ, ಸಿಸ್ಟರ್ ಬಂದ ಮ್ಯಾಲ ಹಾಕಸ್ತೀವಿ," ಎಂದು ಒಳಗೆ ಹೋದರು. ದಿನ ತುಂಬಿದ ಒಬ್ಬಳು ಅವಳಿಗೆ ಹೇಳದೆ ಬೇರೆ ಆಟೋದಲ್ಲಿ ಹೋದಳು. ಮೇಲಿನವರಿಗೆ ಯಾರೋ ದೂರು ಕೊಟ್ಟರು. ಅವರು ಅಕ್ಕನನ್ನು ಕರೆಸಿ, ಬಹಳ ಪ್ರೀತಿಯಿಂದ, ಕೆಲ ದಿನ ವಿಶ್ರಾಂತಿ ತೊಗೊ ಎಂದರು. ವಿಶ್ರಾಂತಿ ಮುಗಿಯುವಷ್ಟರಲ್ಲಿ ಅವಳ ಕೆಲಸಕ್ಕೆ ಇನ್ನೊಬ್ಬಳು ಬಂದಿದ್ದಳು. ಡಾಕ್ಟರಮ್ಮ ಅವಳ ಪರವಾಗಿ ಮಾತಾಡಿದರಂತೆ. ಗುತ್ತಿಗೆಯವರ ಮಾತು ಯಾರು ಕೇಳುತ್ತಾರೆ? ಮುಂದೆ ಸ್ವಲ್ಪ ದಿನಕ್ಕೆ ಅವರ ಗುತ್ತಿಗೆಯೂ ಮುಗಿಯಿತು.

ಆಮೇಲೆ ಅಕ್ಕನ ಗಂಡ ಹಿರಿಯರನ್ನು ಕೂಡಿಸಿದ. ಬೇವಿನ ಕಟ್ಟೆಯ ಮೇಲೆ ಅವರು, ಕೆಳಗೆ ನಾವು. ನಮ್ಮೂರಿನಿಂದ ಅಪ್ಪ ಬಂದಿದ್ದ. ಅಕ್ಕ ಒಂದು ಬದಿಗೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ವರ್ಷದ ಮೇಲಾಗಿತ್ತು ಗಂಡ ಅವಳೆದುರು ಬಾಯಿ ಬಿಟ್ಟು. ಆ ದಿನ ಬಿಟ್ಟ. "ತಲಿ ಕೆಟ್ಟಾಕಿ ಕೂಡ ಹೆಂಗ ಬಾಳ್ವಿ ಮಾಡ್ಲಿ, ನೀವ ಹೇಳ್ರಿ," ಎಂದ. ಅಕ್ಕ ತಲೆಯೆತ್ತಿ ಅವನನ್ನೇ ನೋಡಿದಳು. ಆ ದನಿಗಾಗಿ ಅವಳು ಎಷ್ಟು ಕಾದಿದ್ದಳೆಂದು ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ನಾನು ಎದ್ದು ನಿಂತು, "ಆಕಿಗೆ ಹುಚ್ಚು ಹಿಡಿದಿಲ್ರೀ. ವರ್ಷಾನಗಟ್ಲೆ ಇವರು ಮಾತು ಬಿಟ್ಟಾರ. ಅದಕ್ಕ ಹಿಂಗಾಗ್ಯಾದ. ಈಗ ಆರಾಮ ಆಗಾಕತ್ಯಾಳ," ಎಂದೆ.

ಒಬ್ಬ ಹಿರಿಯ ಎಲೆಅಡಿಕೆ ಉಗುಳಿ, "ಮಾತಾಡಲಿಲ್ಲಂದ್ರ ರೋಗ ಬರ್ತಾದೇನ ಮಾಸ್ತರ? ಹಂಗಾದ್ರ ನಮ್ಮೂರಾಗ ಮನಿಗೊಬ್ಬಾಕಿ ಮೆಂಟಲ್ ಆಗಬೇಕಿತ್ತಲ್ಲ," ಎಂದ. ಎಲ್ಲರೂ ನಕ್ಕರು. ಅವನು ಹೇಳಿದ್ದು ಎಷ್ಟು ನಿಜವೆಂದು ಅವನಿಗೆ ಗೊತ್ತಿರಲಿಲ್ಲ.

ಅಪ್ಪ ಎದ್ದ. ಸಭೆಗಳಲ್ಲಿ ಸಮಾನತೆಯ ಮೇಲೆ ಭಾಷಣ ಮಾಡಿದವನು, ನನ್ನನ್ನೂ ಅಕ್ಕನನ್ನೂ ಒಂದೇ ಶಾಲೆಗೆ ಕಳಿಸಿದವನು. ಮಗಳ ಪರ ಮಾತಾಡುತ್ತಾನೆ ಅಂದುಕೊಂಡೆ. ಅವನು ಕೈ ಮುಗಿದ. "ನಮ್ಮ ಕಡಿಂದ ತಪ್ಪಾಗ್ಯಾದ್ರಿ. ಆಕಿ ಗಂಡನ ಮಾತು ಮೀರಬಾರದಿತ್ತು. ಕರಕೊಂಡು ಹೋಗ್ತೀವಿ, ಆರಾಮ ಆದ ಮ್ಯಾಲ ಕಳಸ್ತೀವಿ," ಎಂದ. ಅಕ್ಕ ಎದ್ದುಹೋಗಿ ನನ್ನ ಬೈಕಿನ ಬಳಿ ನಿಂತಳು. ಅಪ್ಪನನ್ನು ನಾನು ಇನ್ನೂ ಕ್ಷಮಿಸಿಲ್ಲ. ಅವನಿಗೆ ವಯಸ್ಸಾಗಿದೆ ಎಂದು ಹೇಳುವವರಿಗೆ, ಅಕ್ಕನಿಗೂ ಆಗುತ್ತಿದೆ ಎನ್ನುತ್ತೇನೆ.

ಮಾನ್ವಿಯ ನಮ್ಮ ಮನೆಗೆ ಅವಳು ಬಂದ ತಿಂಗಳಲ್ಲೇ ಇನ್ನೊಂದು ಸುದ್ದಿ ಬಂತು. ಗಂಡನ ಅಕ್ಕ ತನ್ನ ಮಗನಿಗೆ ಗೊತ್ತುಮಾಡಿದ್ದ ಆ ಸಂಬಂಧವನ್ನು ತಾನಾಗಿಯೇ ಮುರಿದುಕೊಂಡಿದ್ದಳು. ತಾಯಿಗೆ ಇದ್ದದ್ದು ಮಗಳಿಗೂ ಬರುತ್ತದೆ, ಅಂಥ ಹೆಣ್ಣು ನಮಗೆ ಬೇಡ ಎಂದಳಂತೆ. ಯಾವ ಮದುವೆ ತಪ್ಪಿತೆಂದು ಅಕ್ಕನೊಡನೆ ಮಾತು ಬಿಟ್ಟರೋ ಆ ಮದುವೆ ಅವರಿಗೇ ಬೇಡವಾಗಿತ್ತು. ನಾನು ಇದನ್ನು ಹೇಳಿದಾಗ ಅಕ್ಕ ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಚಲೋ ಆತು. ನನ್ನ ಹುಚ್ಚಿನಿಂದ ಮಗಳಿಗರ ಉಪಕಾರ ಆತಲ್ಲ," ಎಂದಳು.

ಈಗ ಅವಳು ಮಾನ್ವಿಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಆರಾಮವಾಗಿದ್ದಾಳೆ. ಗಂಡನ ಮನೆಯವರು ಮತ್ತೆ ಕರೆಯಲಿಲ್ಲ. ಅವನಿಗೆ ಊರಿನಲ್ಲಿ ಬಹಳ ಕನಿಕರ, ಪಾಪ, ಹುಚ್ಚಿಯ ಜೊತೆ ಏಗಿದ ಎಂದು. ಗುಳಿಗೆಗಾಗಿ ಅಕ್ಕ ತಿಂಗಳಿಗೊಮ್ಮೆ ರಾಯಚೂರಿಗೆ ಹೋಗುತ್ತಾಳೆ. ಮಾನ್ವಿಯಲ್ಲೂ ಸಿಗುತ್ತದೆ, ಇಲ್ಲಿ ಯಾರಾದರೂ ನೋಡಿಯಾರೆಂಬ ಭಯ.

ಹೋದ ಸಲ ನಾನೂ ಹೋಗಿದ್ದೆ. ಆಸ್ಪತ್ರೆ ಮುಗಿಸಿ ಮಗಳನ್ನು ನೋಡಲು ಹಾಸ್ಟೆಲಿಗೆ ಹೋದೆವು. ಗೇಟಿನ ಬಳಿ ಹುಡುಗಿ ಓಡಿಬಂದು ತಾಯಿಯನ್ನು ಅಪ್ಪಿಕೊಂಡಳು. ಪುಸ್ತಕದ ಮಾತು, ವಾರ್ಡಿನ ಡ್ಯೂಟಿಯ ಮಾತು ಹೇಳಿದಳು. ಮನೋರೋಗದ ಪಾಠ ಈ ವರ್ಷ ಇದೆಯೆಂದೂ ಹೇಳಿದಳು. ಆಮೇಲೆ ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದು, "ಮಾಮಾ, ಗೆಳತ್ಯಾರು ಕೇಳಿದ್ರು, ನಿಮ್ಮವ್ವ ತಿಂಗಳ ತಿಂಗಳ ದವಾಖಾನಿಗೆ ಯಾಕ ಬರ್ತಾರಂತ. ಥೈರಾಯ್ಡ್ ಅದ ಅಂತ ಹೇಳೀನಿ. ನೀವೂ ಹಂಗ ಹೇಳ್ರಿ," ಎಂದಳು.

ಅವಳು ಪಿಸುಗುಟ್ಟಿದ್ದಳಾದರೂ ಅಕ್ಕನಿಗೆ ಕೇಳಿಸಿತ್ತು. "ಹೌದವ್ವಾ," ಎಂದಳು ಅಕ್ಕ, "ನಾನೂ ಹಂಗ ಹೇಳ್ತೀನಿ ತಗೋ."